ಗುಂಡಿನ ಎರಕಕ್ಕೆ ಚಕ್ರತೂಕದ ಸೀಸ

ಮೋಟಾರು ವಾಹನದ ಚಕ್ರ ಓಟದಲ್ಲಿ ನಡುಗದಿರಲೆಂದು ರಿಮ್ಮಿನ ಅಂಚಿಗೆ ಸಿಕ್ಕಿಸುವ ಇಲ್ಲವೇ ಒಳಮೈಗೆ ಅಂಟಿಸುವ ಲೋಹದ ಸಣ್ಣ ತುಂಡೇ ಚಕ್ರತೂಕ. ನಮ್ಮ ಟೈರ್ ಅಂಗಡಿಗಳಲ್ಲಿ ಇದಕ್ಕೆ ಬರೀ ‘ವೇಯ್ಟ್’ ಎನ್ನುತ್ತಾರೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದವರ ಬಿಲ್ಲಿನಲ್ಲಿ ಗ್ರಾಮಿನ ಲೆಕ್ಕದಲ್ಲಿ ಇದರ ಬೆಲೆ ಸೇರಿರುವುದುಂಟು. ಇಪ್ಪತ್ತನೆಯ ಶತಮಾನದ ಬಹುಕಾಲ ಈ ತುಂಡುಗಳು ಸೀಸದವೇ ಆಗಿದ್ದವು. ಟೈರು ಬದಲಿಸುವಾಗ ಕಳಚಿ ಡಬ್ಬಕ್ಕೆ ಎಸೆದ ಹಳೆಯ ತೂಕಗಳನ್ನು ಕರಗಿಸಿ, ಕಿಟ್ಟ ತೆಗೆದು, ಗಟ್ಟಿಗಳಾಗಿ ಹೊಯ್ದು, ಆ ಗಟ್ಟಿಗಳಿಂದ ಬಂದೂಕು ಪಿಸ್ತೂಲುಗಳ ಗುಂಡುಗಳನ್ನು ಎರಕ ಹೊಯ್ಯುವ ಕೈಕೆಲಸ ಅಮೆರಿಕ ಸಂಯುಕ್ತ ಸಂಸ್ಥಾನದ ಗುರಿಕಾರರಲ್ಲಿ, ಬೇಟೆಗಾರರಲ್ಲಿ ಎರಡು ಮೂರು ತಲೆಮಾರು ನಡೆದುಬಂದಿದೆ. ಕನ್ನಡದಲ್ಲಿ ಗುಂಡು ಎಂಬ ಮಾತನ್ನು ಇಡೀ ತೋಟಾಕ್ಕೂ ಬಳಸುವ ರೂಢಿಯಿದೆ. ಈ ಲೇಖನದಲ್ಲಿ ಗುಂಡು ಎಂದರೆ ನಳಿಗೆಯಿಂದ ಹೊರಬೀಳುವ ಲೋಹದ ಭಾಗ ಮಾತ್ರ. ಮದ್ದು, ಕೇಪು, ಹಿತ್ತಾಳೆಯ ಕವಚಗಳ ವಿಷಯ ಇಲ್ಲಿಲ್ಲ.

ಹಿನ್ನೆಲೆ

ಗುಂಡನ್ನು ಮನೆಯಲ್ಲೇ ಹೊಯ್ದುಕೊಳ್ಳುವುದು ಬಂದೂಕಿನಷ್ಟೇ ಹಳೆಯ ಪದ್ಧತಿ. ಮೂತಿಯಿಂದ ಮದ್ದು ತುಂಬುವ ಕೋವಿಗಳ ಕಾಲದಲ್ಲಿ ಕೋವಿಯ ಜೊತೆಗೇ ಅದರ ಅಳತೆಯ ಇಕ್ಕಳದಂಥ ಅಚ್ಚನ್ನೂ ಕೊಡುತ್ತಿದ್ದರು. ಕಾರ್ಖಾನೆಯ ತೋಟಾ ಬಂದ ಮೇಲೂ ಈ ಕೆಲಸ ನಿಲ್ಲಲಿಲ್ಲ. 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೋ ಆರಂಭಿಸಿದ ಐಡಿಯಲ್ ಕಂಪನಿ ಗುಂಡಿನ ಅಚ್ಚುಗಳನ್ನೂ ಅವುಗಳ ಬಳಕೆಯ ಕೈಪಿಡಿಗಳನ್ನೂ ಊರೂರಿಗೆ ಮುಟ್ಟಿಸಿತು. 1925ರಲ್ಲಿ ಅದನ್ನು ಕೊಂಡ ಲೈಮನ್ ಕಂಪನಿಯ ಅಚ್ಚುಗಳು ಇಂದಿಗೂ ಬಳಕೆಯಲ್ಲಿವೆ. ಐಡಾಹೋ ಸೀಮೆಯ ದನಗಾಹಿ, ಬೇಟೆಗಾರ, ಬರಹಗಾರ ಎಲ್ಮರ್ ಕೀತ್ 1920ರ ದಶಕದ ಕೊನೆಯಲ್ಲಿ ರೂಪಿಸಿದ ಪಿಸ್ತೂಲು ಗುಂಡಿನ ಆಕಾರವನ್ನು ಈ ಕಸುಬಿನವರು ಈಗಲೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಕೀತ್ ಬಳಸುತ್ತಿದ್ದುದು 16 ಭಾಗ ಸೀಸಕ್ಕೆ 1 ಭಾಗ ತವರ. ತವರ ದುಬಾರಿ. ಅವನನ್ನು ಓದಿ ಎರಕಕ್ಕೆ ಕೈಯಿಟ್ಟ ಸಾಮಾನ್ಯ ಸಂಬಳದ ಜನ ಅಗ್ಗದ ದಾರಿ ಹುಡುಕಿದರು. ಆ ದಾರಿ ಟೈರ್ ಅಂಗಡಿಯ ಹಿತ್ತಿಲಲ್ಲಿತ್ತು. ಅಲ್ಲಿ ಹಳೆಯ ತೂಕದ ಡಬ್ಬ ಪುಕ್ಕಟೆ ಸಿಗುತ್ತಿತ್ತು, ಇಲ್ಲವೇ ಒಂದು ಡಜನ್ ಡೋನಟ್ ಕೊಟ್ಟರೆ ಸಿಗುತ್ತಿತ್ತು.

ಲೋಹದ ಗುಣ

ಸಿಕ್ಕಿಸುವ ಬಗೆಯ ಹಳೆಯ ತೂಕದಲ್ಲಿ ಸುಮಾರು ಶೇ. 95-96 ಸೀಸ, ಶೇ. 2ರಿಂದ 4 ಆಂಟಿಮನಿ, ಶೇ. ಅರ್ಧದಷ್ಟು ತವರ, ಶೇ. ಕಾಲಿನಷ್ಟು ಆರ್ಸೆನಿಕ್ ಇರುತ್ತಿತ್ತು. ಯಾರೂ ಗುಂಡಿಗೆಂದು ಹದಮಾಡಿದ ಮಿಶ್ರಣವಲ್ಲ ಇದು. ತೂಕಗಳನ್ನು ಮರುಬಳಕೆಯ ಸೀಸದಿಂದ ಮಾಡುತ್ತಿದ್ದರು; ಮರುಬಳಕೆಯ ಸೀಸದ ದೊಡ್ಡ ಪಾಲು ಬರುತ್ತಿದ್ದುದು ಹಳೆಯ ಬ್ಯಾಟರಿಗಳಿಂದ; ಆ ಕಾಲದ ಬ್ಯಾಟರಿಯ ಜಾಲರಿಗೆ ಬಿಗಿ ಬರಲೆಂದು ಆಂಟಿಮನಿ ಬೆರೆಸುತ್ತಿದ್ದರು. ರಿಮ್ಮಿನ ಅಂಚಿಗೆ ಸುತ್ತಿಗೆಯಿಂದ ಬಡಿದು ಕೂರಿಸುವ ತುಂಡಿಗೂ ಅಷ್ಟು ಬಿಗಿ ಬೇಕೇ ಇತ್ತು. ಅಂಟಿಸುವ ಬಗೆಯದು ಬೇರೆ. ರಿಮ್ಮಿನ ಬಾಗಿಗೆ ಬೆರಳಲ್ಲೇ ಒತ್ತಿ ಬಗ್ಗಿಸಬೇಕಾದ್ದರಿಂದ ಅದು ಹೆಚ್ಚುಕಡಿಮೆ ಶುದ್ಧ ಸೀಸ. ತಿಳಿದವರು ಈ ಎರಡನ್ನೂ ಒಂದೇ ಪಾತ್ರೆಗೆ ಹಾಕುವುದಿಲ್ಲ.

ಲೋಹದ ಗಡಸುತನವನ್ನು ಅಳೆಯುವ ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸ ಸುಮಾರು 5. ಗಾಳಿಯಲ್ಲಿ ತಣಿದ ಚಕ್ರತೂಕದ ಲೋಹ 9ರಿಂದ 12. ಶೇ. 90 ಸೀಸ, ಶೇ. 5 ತವರ, ಶೇ. 5 ಆಂಟಿಮನಿ ಇರುವ ‘ಲೈಮನ್ ನಂ. 2’ ಮಿಶ್ರಣ 15. ಲೈನೋಟೈಪ್ ಲೋಹ 22ರ ಸುಮಾರು. ಈ ಕೊನೆಯದು ಅಚ್ಚುಕೂಟದ ಸಾಮಾನು: ಶೇ. 84 ಸೀಸ, ಶೇ. 12 ಆಂಟಿಮನಿ, ಶೇ. 4 ತವರ. ಕನ್ನಡದ ಪುಸ್ತಕ ಪತ್ರಿಕೆಗಳನ್ನು ದಶಕಗಟ್ಟಲೆ ಅಚ್ಚು ಹಾಕಿದ ಮೊಳೆಗಳೂ ಇದೇ ಮೂರು ಲೋಹಗಳ ಬೇರೆ ಬೇರೆ ಪಾಕ. ಸವೆದ ಮೊಳೆಯನ್ನು ಕರಗಿಸಿ ಮತ್ತೆ ಹೊಯ್ಯುವುದು ಹಳೆಯ ಮುದ್ರಣಾಲಯದವರಿಗೆ ಹೊಸ ಸಂಗತಿಯೇನಲ್ಲ. ಅಮೆರಿಕದ ಪತ್ರಿಕೆಗಳು ಆಫ್‌ಸೆಟ್ಟಿಗೆ ತಿರುಗಿದಾಗ ಅಲ್ಲಿನ ಅಚ್ಚುಕೂಟಗಳ ಲೋಹವೂ ಗುಂಡು ಹೊಯ್ಯುವವರ ಕೈಸೇರಿತು. ಅದನ್ನು ಅವರು ನೇರವಾಗಿ ಬಳಸದೆ, ಚಕ್ರತೂಕದ ಲೋಹ ಗಡಸಾಗಲೆಂದು ಹೆಪ್ಪಿನ ಹಾಗೆ ಸ್ವಲ್ಪಸ್ವಲ್ಪ ಬೆರೆಸಿದರು.

ಗುಂಡಿಗೆ ಗಡಸುತನ ಬೇಕಾಗುವುದು ನಳಿಗೆಗಾಗಿ. ಮೆತ್ತನೆಯ ಸೀಸ ವೇಗದಲ್ಲಿ ನಳಿಗೆಯ ಸುರುಳಿಗೆರೆಗಳಿಗೆ ಒರೆಸಿಕೊಂಡು ಪದರವಾಗಿ ಅಂಟುತ್ತದೆ. ಆದರೆ ಈ ಕಸುಬಿನಲ್ಲಿ ಗಡಸುತನವನ್ನು ಅಗತ್ಯಕ್ಕಿಂತ ಹೆಚ್ಚು ಪೂಜಿಸಿದ್ದಾರೆ. ನಳಿಗೆಗೆ ಸೀಸ ಅಂಟುವುದಕ್ಕೆ ಗುಂಡಿನ ಅಳತೆ ತುಸು ಸಣ್ಣದಾಗಿ, ಸಂದಿನಲ್ಲಿ ಬಿಸಿ ಅನಿಲ ನುಗ್ಗುವುದೇ ಹೆಚ್ಚಿನ ಸಲ ಕಾರಣ. ಅಳತೆ ಸರಿಯಿದ್ದು, ಜೇನುಮೇಣದ ಲೇಪ ಸರಿಯಿದ್ದರೆ ಸಾಮಾನ್ಯ ಪಿಸ್ತೂಲಿನ ವೇಗಕ್ಕೆ ಚಕ್ರತೂಕದ ಲೋಹಕ್ಕೆ ಗಡಸಿಗೆಂದು ಏನನ್ನೂ ಬೆರೆಸಬೇಕಾಗಿಲ್ಲ. ಅಚ್ಚಿನ ಮೂಲೆಗಳು ಚೂಪಾಗಿ ತುಂಬಲೆಂದು ಶೇ. 1-2ರಷ್ಟು ತವರ ಸಾಕು. ಇನ್ನೂ ಗಡಸು ಬೇಕೆಂದವರಿಗೆ ಆರ್ಸೆನಿಕ್ ನೆರವಿಗೆ ಬರುತ್ತದೆ. ಅಚ್ಚಿನಿಂದ ಬಿದ್ದ ಬಿಸಿ ಗುಂಡು ನೇರವಾಗಿ ನೀರಿಗೆ ಬಿದ್ದರೆ, ಆ ಚಿಟಿಕೆ ಆರ್ಸೆನಿಕ್ ಇರುವ ಕಾರಣ, ದಿನಗಳು ಕಳೆದಂತೆ ಅದರ ಗಡಸುತನ 18ನ್ನೂ ದಾಟುತ್ತದೆ. ಬೆಂಕಿಯಿಂದ ತೆಗೆದು ನೀರಿಗೆ ಅದ್ದಿ ಮಚ್ಚು ಹದಗೊಳಿಸುವ ಕಮ್ಮಾರನ ಕೆಲಸವನ್ನು ಇದು ನೆನಪಿಸಿದರೂ ಒಳಗಿನ ಕ್ರಿಯೆ ಬೇರೆ: ಇಲ್ಲಿ ಗಡಸು ಬರುವುದು ಅದ್ದಿದ ಕ್ಷಣದಲ್ಲಲ್ಲ, ಆಮೇಲೆ, ನಿಧಾನವಾಗಿ.

ಬೇರ್ಪಡಿಸುವುದು

ಕೆಲಸದ ಮುಕ್ಕಾಲು ಪಾಲು ಒಲೆ ಹಚ್ಚುವ ಮೊದಲೇ ಇದೆ. 5 ಗ್ಯಾಲನ್, ಎಂದರೆ 19 ಲೀಟರ್ ಹಿಡಿಯುವ ಡಬ್ಬದ ತುಂಬ ಸೀಸದ ತೂಕಗಳಿದ್ದರೆ 55ರಿಂದ 65 ಕಿಲೋ ತೂಗುತ್ತದೆ. ಆದರೆ ಡಬ್ಬದಲ್ಲಿ ತೂಕಗಳಷ್ಟೇ ಇರುವುದಿಲ್ಲ. ಟ್ಯೂಬಿನ ವಾಲ್ವು, ರಬ್ಬರಿನ ಚೂರು, ನಟ್ಟು, ಸಿಗರೇಟಿನ ತುಂಡು, ಗ್ರೀಸು, ಮಳೆ ಬಿದ್ದಿದ್ದರೆ ತಳದಲ್ಲಿ ನೀರು. ಇವು ಕಣ್ಣಿಗೆ ಕಾಣುವ ಕಸ. ಕಾಣದ ಕಸ ಬೇರೆ: ಉಕ್ಕಿನ ತೂಕ, ಅದಕ್ಕಿಂತ ಮುಖ್ಯವಾಗಿ ಸತುವಿನ ತೂಕ.

ಉಕ್ಕಿನಿಂದ ತೊಂದರೆಯಿಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉಕ್ಕು ಆ ಬಿಸಿಗೆ ಜಗ್ಗುವುದೇ ಇಲ್ಲ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಉಕ್ಕಿನದು 7.8ರ ಆಸುಪಾಸು. ಹಾಗಾಗಿ ಉಕ್ಕಿನ ತೂಕವೂ ಸೀಸದ ತೂಕಗಳ ಉಕ್ಕಿನ ಕ್ಲಿಪ್ಪೂ ಕರಗಿದ ಸೀಸದ ಮೇಲೆ ತೇಲುತ್ತವೆ, ಜಾಲರಿ ಸೌಟಿನಲ್ಲಿ ಎತ್ತಿ ಹಾಕಿದರೆ ಮುಗಿಯಿತು. ಸತುವಿನ ಕಥೆ ಹಾಗಲ್ಲ. ಅದು 419.5 ಡಿಗ್ರಿಗೆ ಕರಗುತ್ತದೆ. ಅಲ್ಲಿಯವರೆಗೆ ಅದೂ ತೇಲುತ್ತಿರುತ್ತದೆ. ಉರಿ ಜಾಸ್ತಿಯಾಗಿ ಆ ಗೆರೆ ದಾಟಿದರೆ ಸದ್ದಿಲ್ಲದೆ ಸೀಸದೊಳಗೆ ಇಳಿಯುತ್ತದೆ. ಶೇಕಡಾ ಒಂದೆರಡರಷ್ಟು ಸತು ಸಾಕು, ಲೋಹ ಗಂಟುಕಟ್ಟಿದ ಅಂಬಲಿಯಂತಾಗಿ ಅಚ್ಚಿನಲ್ಲಿ ಹರಿಯದೆ ಸುಕ್ಕುಗಟ್ಟಿದ, ಮೂಲೆ ಮುರಿದ ಗುಂಡುಗಳನ್ನು ಕೊಡುತ್ತದೆ. ಸೀಸ ಸತುಗಳಿಗೆ ಪರಸ್ಪರ ಒಗ್ಗದ ಈ ಗುಣವನ್ನೇ ಅಲೆಕ್ಸಾಂಡರ್ ಪಾರ್ಕ್ಸ್ ಎಂಬ ಇಂಗ್ಲಿಷ್ ಲೋಹಶಾಸ್ತ್ರಜ್ಞ 1850ರಲ್ಲಿ ಲಾಭಕ್ಕೆ ತಿರುಗಿಸಿದ್ದ: ಕರಗಿದ ಸೀಸಕ್ಕೆ ಸತು ಬೆರೆಸಿದರೆ ಸೀಸದಲ್ಲಿದ್ದ ಬೆಳ್ಳಿ ಸತುವಿನ ಜೊತೆ ಕೆನೆಯಂತೆ ಮೇಲೆ ಬರುತ್ತದೆ. ಬೆಳ್ಳಿ ತೆಗೆಯುವ ಕಾರ್ಖಾನೆಗೆ ವರವಾದ ಗುಣ ಗುಂಡು ಹೊಯ್ಯುವವನ ಪಾತ್ರೆಯಲ್ಲಿ ಶಾಪ.

ಗುರುತಿಸುವ ಉಪಾಯಗಳು ಸರಳ. ಹಲವು ತೂಕಗಳ ಮೈಮೇಲೆ ಸೀಸಕ್ಕೆ ಪಿಬಿ, ಸತುವಿಗೆ ಜ಼ಡ್‌ಎನ್, ಉಕ್ಕಿಗೆ ಎಫ್‌ಇ ಎಂಬ ಲೋಹದ ಸಂಕೇತಾಕ್ಷರಗಳು ಉಬ್ಬಾಗಿ ಮೂಡಿರುತ್ತವೆ. ಬಣ್ಣ ಬಳಿದಿದ್ದರೆ, ಕೊಳೆ ಕಟ್ಟಿದ್ದರೆ ಕಾಣುವುದಿಲ್ಲ. ಅಯಸ್ಕಾಂತವನ್ನು ನಂಬಿ ಮೋಸಹೋದವರಿದ್ದಾರೆ, ಏಕೆಂದರೆ ಸೀಸದ ತೂಕದ ಕ್ಲಿಪ್ಪೂ ಉಕ್ಕಿನದೇ, ಅದೂ ಅಂಟುತ್ತದೆ. ಎಲ್ಲಕ್ಕಿಂತ ನಂಬಿಕಸ್ಥ ಸಾಧನ ಕಟಿಂಗ್ ಪ್ಲೇಯರ್. ಸೀಸದ ತೂಕ ಅಡಕತ್ತರಿಗೆ ಸಿಕ್ಕ ಹಸಿ ಅಡಿಕೆಯಂತೆ ಬಾಯಿ ಬಿಡುತ್ತದೆ. ಸತುವಿನ ಮೇಲೆ ಗೀರು ಮಾತ್ರ. ಕೈಪಳಗಿದವರು ಸಿಮೆಂಟು ನೆಲದ ಮೇಲೆ ಬೀಳಿಸಿ ಸದ್ದು ಕೇಳುತ್ತಾರೆ: ಸೀಸ ‘ದಪ್’ ಎನ್ನುತ್ತದೆ, ಸತು ‘ಟಿಣ್’ ಎನ್ನುತ್ತದೆ. ಸಂಶಯ ಉಳಿದರೆ ಒಂದು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೋಡಬಹುದು. ಸತು ನೊರೆಯುಕ್ಕಿಸುತ್ತದೆ, ಸೀಸ ಸುಮ್ಮನಿರುತ್ತದೆ. ಒಂದು ಡಬ್ಬ ಆರಿಸಲು ಇಡೀ ಸಂಜೆ ಬೇಕು. ಇದನ್ನು ಬಿಟ್ಟು ಉರಿ ಅಳೆಯುವ ಮಾಪಕ ಒಂದನ್ನೇ ನೆಚ್ಚಿ ಎಲ್ಲವನ್ನೂ ಸುರಿಯುವವರೂ ಇದ್ದಾರೆ. ಅವರ ಗಟ್ಟಿಗಳನ್ನು ಕೊಳ್ಳದಿರುವುದು ಜಾಣತನ.

ಕರಗಿಸುವುದು

ಬಳಸುವುದು ಬೀಡುಕಬ್ಬಿಣದ ಅಥವಾ ದಪ್ಪ ಉಕ್ಕಿನ ಪಾತ್ರೆ, ಕೆಳಗೆ ಪ್ರೊಪೇನ್ ಅನಿಲದ ಒಲೆ. ಜಾಗ ಬಯಲು, ಗಾಳಿಗೆ ಬೆನ್ನು ಕೊಟ್ಟು. ಅಲ್ಯುಮಿನಿಯಂ ಪಾತ್ರೆಯನ್ನು ಯಾರೂ ಒಪ್ಪುವುದಿಲ್ಲ. ಬಿಸಿಯಲ್ಲಿ ಅದರ ಬಲ ಕುಗ್ಗಿ ತಳ ಕಳಚಿದರೆ ಕಾಲ ಮೇಲೆ ಸುರಿಯುವುದು ಹತ್ತಾರು ಕಿಲೋ ಕಾದ ಲೋಹ. ಗುಂಡು ಹೊಯ್ಯುವ ಸಣ್ಣ ವಿದ್ಯುತ್ ಮೂಸೆಯನ್ನು ಈ ಕೊಳಕು ಕೆಲಸಕ್ಕೆ ಬಳಸಬಾರದೆಂಬುದು ಕಸುಬಿನ ಕಟ್ಟಳೆ. ಅದರ ತಳದ ತೂತಿನಲ್ಲಿ ಒಂದು ಮರಳಿನ ಕಣ ಕೂತರೂ ಹನಿ ನಿಲ್ಲದೆ ಸೋರುತ್ತದೆ.

ತೂಕಗಳನ್ನು ತಣ್ಣನೆಯ ಪಾತ್ರೆಗೆ ತುಂಬಿ ಆಮೇಲೆ ಉರಿ ಹಚ್ಚುತ್ತಾರೆ; ಇದಕ್ಕೆ ಕಾರಣ ನೀರು. ಕರಗಿದ ಸೀಸದ ಮೇಲೆ ತೇವದ ತುಂಡು ಬಿದ್ದು ಮುಳುಗಿದರೆ ಒಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗಿ, ಪಾತ್ರೆಯ ಲೋಹವನ್ನು ಸುತ್ತಲೂ ಚಿಮ್ಮಿಸುತ್ತದೆ. ಕಾದೆಣ್ಣೆಗೆ ನೀರು ಬಿದ್ದದ್ದನ್ನು ಕಂಡವರು ಅದನ್ನು ನೂರ್ಮಡಿ ಮಾಡಿ ಊಹಿಸಿಕೊಳ್ಳಬಹುದು. ಅಮೆರಿಕದ ಎರಕದವರು ಇದಕ್ಕೆ ತಗಡಿನ ಮಿಂಚಿನ ಯಕ್ಷಿಣಿ ಬಂದಳು ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ. ಗೋಡೆ, ಸೂರು, ಮೈಗೆಲ್ಲ ಬೆಳ್ಳಿ ಚೂರು ಅಂಟಿದ ನೋಟದಿಂದ ಬಂದ ಹೆಸರು. ಮೊದಲ ಪಾತ್ರೆ ಕರಗಿದ ಮೇಲೆ ಸೇರಿಸಬೇಕಾದ ತೂಕಗಳನ್ನು ಒಲೆಯ ಪಕ್ಕ ಬಿಸಿ ಮಾಡಿ ಒಣಗಿಸಿಕೊಳ್ಳದೆ ಹಾಕುವಂತಿಲ್ಲ. ಮುಖಕ್ಕೆ ಕವಚ, ಉದ್ದ ತೋಳಿನ ಅಂಗಿ, ಚರ್ಮದ ಕೈಗವಸು, ಬೂಟಿನ ಮೇಲೆ ಇಳಿಬಿಟ್ಟ ಪ್ಯಾಂಟು ಈ ಕೆಲಸದ ಉಡುಪು.

ಬಿಸಿ ಏರಿದಂತೆ ಮೊದಲು ಕಪ್ಪು ಹೊಗೆ ಏಳುತ್ತದೆ. ಅದು ಸೀಸದ್ದಲ್ಲ, ರಬ್ಬರು, ಗ್ರೀಸು, ಬಣ್ಣ, ಅಂಟುಪಟ್ಟಿಗಳದ್ದು. ಕೆಲವೊಮ್ಮೆ ಹತ್ತಿಕೊಂಡು ಉರಿಯುವುದೂ ಉಂಟು. 300 ಡಿಗ್ರಿಯ ಆಸುಪಾಸಿನಲ್ಲಿ ತುಂಡುಗಳು ಕುಸಿಯುತ್ತವೆ. ಹೊಸಬರು ಎಡವುವುದು ಇಲ್ಲಿ: ಅರೆಕರಗಿದ ಲೋಹದ ಮೇಲೆ ಬೂದುಬಣ್ಣದ ಮರಳುಮರಳಾದ ಕೆನೆ ಕಟ್ಟುತ್ತದೆ, ಅದನ್ನು ಕಿಟ್ಟವೆಂದು ಬಳಿದು ಚೆಲ್ಲುತ್ತಾರೆ. ಅದು ಇನ್ನೂ ಕರಗದ ಆಂಟಿಮನಿ ಹೆಚ್ಚಿರುವ ಭಾಗ, ಲೋಹಕ್ಕೆ ಬಿಗಿ ಕೊಡುವ ವಸ್ತುವೇ ಅದು. ಕಾದರೆ ಕರಗಿ ಒಳಸೇರುತ್ತದೆ. 350ರಿಂದ 380 ಡಿಗ್ರಿಯ ನಡುವೆ ನಿಲ್ಲಿಸಿ ಕ್ಲಿಪ್ಪುಗಳನ್ನೂ ಕಣ್ತಪ್ಪಿ ಬಂದ ಸತುವಿನ ತುಂಡುಗಳನ್ನೂ ಸೌಟಿನಲ್ಲಿ ಎತ್ತಬೇಕು.

ಆಮೇಲೆ ಶೋಧನೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ನವಸಾಗರ ಉದುರಿಸಿ ಮೈ ಬಿಡಿಸಿಕೊಳ್ಳುವುದನ್ನು ಕಂಡವರಿಗೆ ಇದರ ತತ್ತ್ವ ಗೊತ್ತು. ಇಲ್ಲಿ ಬಳಸುವುದು ಒಣ ಮರದ ಹೊಟ್ಟು, ರಾಳ ಅಥವಾ ಜೇನುಮೇಣ. ಹೊಟ್ಟು ಲೋಹದ ಮೇಲೆ ಕರಿಯಾಗಿ, ಅದರ ಇಂಗಾಲ ತವರ ಸೀಸಗಳ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಲೋಹವನ್ನು ಪಾತ್ರೆಗೆ ಮರಳಿಸುತ್ತದೆ. ಮಣ್ಣು ಮಸಿಯನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ. ಮರದ ಕೋಲಿನಿಂದ ತಳ, ಬದಿಗಳನ್ನು ಕೆರೆಯುತ್ತ ಕಲಕಿ, ಕರಿ ಪುಡಿಯನ್ನು ಬಳಿದು ತೆಗೆದು, ಎರಡು ಮೂರು ಸಲ ಇದನ್ನೇ ಮಾಡಿದರೆ ಮೇಲ್ಮೈ ಕನ್ನಡಿಯಂತಾಗುತ್ತದೆ. ಅಂಗಡಿಯಲ್ಲಿ ಡಬ್ಬಿಗಳಲ್ಲಿ ಮಾರುವ ಪುಡಿಗಳಿಗಿಂತ ಬಡಗಿಯ ಕೊಟ್ಟಿಗೆಯ ಹೊಟ್ಟೇ ಮೇಲು.

ಕೊನೆಗೆ ಸೌಟಿನಲ್ಲಿ ಎತ್ತಿ ಗಟ್ಟಿ ಹೊಯ್ಯುವುದು. ಕಾರ್ಖಾನೆಯ ಅಚ್ಚಿಲ್ಲದವರು ಕೇಕಿನ ತಗಡು ತಟ್ಟೆಯನ್ನೇ ಬಳಸುತ್ತಾರೆ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು. ಎಲ್ಲ ಸೀಸದ್ದೇ ಆದ ಡಬ್ಬದಲ್ಲಿ ಕ್ಲಿಪ್ಪು, ಕಿಟ್ಟ ಕಳೆದು ನೂರಕ್ಕೆ 80-85 ಭಾಗ ಕೈಗೆ ಬರುತ್ತದೆ. 60 ಕಿಲೋ ಡಬ್ಬದಿಂದ 50 ಕಿಲೋ ಸಿಕ್ಕಿತೆಂದುಕೊಂಡರೆ, .38 ಅಳತೆಯ ಪಿಸ್ತೂಲಿನ 158 ಗ್ರೇನ್ ಗುಂಡು, ಎಂದರೆ 10.2 ಗ್ರಾಮಿನದು, 4,900ರಷ್ಟು ಆಗುತ್ತದೆ. ಈ ಲೆಕ್ಕವೇ ಅಷ್ಟು ಜನರನ್ನು ಟೈರ್ ಅಂಗಡಿಯ ಹಿತ್ತಿಲಿಗೆ ಎಳೆದದ್ದು.

ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸ ತೆಗೆಯುವುದನ್ನು ಈ ಕಸುಬಿನ ಕೈಪಿಡಿಗಳೇ ಖಂಡಿಸುತ್ತವೆ. ಅದರಲ್ಲಿ ಗಂಧಕಾಮ್ಲವಿದೆ, ಈಚಿನವುಗಳ ಜಾಲರಿಯಲ್ಲಿ ಕ್ಯಾಲ್ಸಿಯಂ ಇದೆ, ಅದರ ಕಿಟ್ಟ ತೇವಗೊಂಡರೆ ಆರ್ಸೀನ್, ಸ್ಟಿಬೀನ್ ಎಂಬ ಮಾರಕ ಅನಿಲಗಳು ಏಳಬಲ್ಲವು.

ವಿಷ

ಕರಗಿದ ಸೀಸದ ಆವಿ ಕುಡಿದು ಸಾಯುತ್ತಾರೆಂಬ ಹೆದರಿಕೆ ಸಾಮಾನ್ಯ. ಸೀಸ ಕುದಿಯುವುದು 1,749 ಡಿಗ್ರಿಗೆ. 380 ಡಿಗ್ರಿಯಲ್ಲಿ ಅದು ಹೊರಬಿಡುವ ಆವಿ ತೀರ ಅಲ್ಪ. ಅಪಾಯ ಧೂಳಿನದು. ಡಬ್ಬ ಸುರಿದಾಗ ಏಳುವ ಧೂಳು, ಬಳಿದು ತೆಗೆದ ಕಿಟ್ಟದ ಹಳದಿ ಬೂದು ಪುಡಿ, ಬೂಟಿಗೆ ಅಂಟಿ ಒಳಮನೆಗೆ ಬಂದದ್ದು, ಕೈ ತೊಳೆಯದೆ ತಿಂದ ತಿಂಡಿ, ಸೇದಿದ ಸಿಗರೇಟು: ಸೀಸ ಮೈಸೇರುವ ದಾರಿಗಳು ಇವೇ. ಕೆಲಸದವನಿಗಿಂತ ಅವನ ಮನೆಯಲ್ಲಿ ನೆಲದ ಮೇಲೆ ಅಂಬೆಗಾಲಿಡುವ ಮಗುವಿಗೆ ಕೇಡು ಹೆಚ್ಚು, ಏಕೆಂದರೆ ಬೆಳೆಯುವ ಮಿದುಳನ್ನು ಸೀಸ ಕೆಡಿಸುತ್ತದೆ, ಕೆಡಿಸಿದ್ದು ಸರಿಹೋಗುವುದಿಲ್ಲ. ಮಕ್ಕಳ ರಕ್ತದಲ್ಲಿ ಎಚ್ಚರಿಕೆಯ ಗೆರೆಯಾಗಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಇಟ್ಟುಕೊಂಡಿರುವುದು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಅದರ ಕೆಳಗೆ ನಿರಪಾಯ ಎಂದು ಅರ್ಥವಲ್ಲ. ಭಾರತದಲ್ಲಿ ಈ ವಿಷದ ಬಗ್ಗೆ ಜನರ ಕಣ್ಣು ತೆರೆಸಿದವರಲ್ಲಿ ಬೆಂಗಳೂರಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಪ್ರಮುಖರು. 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತದ ಸೀಸವನ್ನು ಅಳೆದ ಸಮೀಕ್ಷೆಯ ಹಿಂದೆ ಅವರಿದ್ದರು. ಸೀಸ ಬೆರೆಸಿದ ಪೆಟ್ರೋಲು ಇಲ್ಲಿ 2000ದಲ್ಲಿ ನಿಂತಿತು.

ನಿರ್ಬಂಧ ಮತ್ತು ಇಳಿಮುಖ

ಚಕ್ರತೂಕ ರಸ್ತೆಯಲ್ಲಿ ಕಳಚಿ ಬೀಳುತ್ತದೆ, ಗಾಲಿಗಳಡಿ ಸಿಕ್ಕಿ ಪುಡಿಯಾಗುತ್ತದೆ. ರಾಬರ್ಟ್ ರೂಟ್ ಎಂಬ ಸಂಶೋಧಕ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರದ ಬೀದಿಗಳಲ್ಲಿ ಬಿದ್ದ ತೂಕಗಳನ್ನು ಹೆಕ್ಕಿ ಲೆಕ್ಕ ಹಾಕಿ 2000ದಲ್ಲಿ ಪ್ರಕಟಿಸಿದ ಪ್ರಬಂಧ, ಇಡೀ ದೇಶದಲ್ಲಿ ಹೀಗೆ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋ ಸೀಸ ರಸ್ತೆಪಾಲಾಗುತ್ತಿರಬಹುದೆಂದು ಅಂದಾಜಿಸಿತು. ಯುರೋಪಿನ ಒಕ್ಕೂಟ ಹಳೆಯ ವಾಹನಗಳ ವಿಲೇವಾರಿಗೆ ಸಂಬಂಧಿಸಿದ ತನ್ನ 2000ದ ನಿರ್ದೇಶನದಡಿ 2005ರಿಂದ ಸೀಸದ ತೂಕಗಳನ್ನು ಹೊರಗಿಟ್ಟಿತು. ಅಮೆರಿಕದಲ್ಲಿ ಒಕ್ಕೂಟದ ಮಟ್ಟದ ನಿಷೇಧ ಬರಲಿಲ್ಲ. ಕ್ಯಾಲಿಫೋರ್ನಿಯಾ 2010ರಿಂದ ನಿಷೇಧಿಸಿತು, ವಾಷಿಂಗ್ಟನ್, ಮೇನ್ ಮುಂತಾದ ರಾಜ್ಯಗಳು ಅದೇ ದಾರಿ ಹಿಡಿದವು. ವಾಹನ ತಯಾರಕರು ಉಕ್ಕು, ಸತುಗಳಿಗೆ ಹೊರಳಿದರು. ಗುಂಡಿನ ಕಡೆಯಿಂದಲೂ ಕಟ್ಟು ಬಿತ್ತು: ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ 1991ರಿಂದ ದೇಶಾದ್ಯಂತ ನಿಷಿದ್ಧ, ಸತ್ತ ಪ್ರಾಣಿಯ ಮಾಂಸದೊಡನೆ ಸೀಸ ತಿಂದು ಸಾಯುವ ಕಾಂಡೋರ್ ಹದ್ದುಗಳ ಸಲುವಾಗಿ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಯಾವ ಸೀಸದ ಗುಂಡನ್ನೂ ಒಪ್ಪುವುದಿಲ್ಲ.

ಮಿಸೂರಿಯ ಹರ್ಕ್ಯುಲೇನಿಯಂನಲ್ಲಿದ್ದ, ಅದಿರಿನಿಂದ ಸೀಸ ತೆಗೆಯುವ ಅಮೆರಿಕದ ಕೊನೆಯ ಕುಲುಮೆ 2013ರ ಕೊನೆಗೆ ಮುಚ್ಚಿದಾಗ ಗುಂಡಿನ ಕಾಲವೇ ಮುಗಿಯಿತೆಂದು ಗುಲ್ಲೆದ್ದಿತು. ಅದು ಬುಡವಿಲ್ಲದ ಮಾತು. ಗುಂಡಿನ ಕಾರ್ಖಾನೆಗಳಿಗೂ ಸೀಸ ಬರುತ್ತಿದ್ದುದು ಹೆಚ್ಚಾಗಿ ಮರುಬಳಕೆಯಿಂದಲೇ. ಮನೆಯಲ್ಲಿ ಹೊಯ್ಯುವವರಿಗೆ ನಿಜವಾದ ಪೆಟ್ಟು ಕೊಟ್ಟಿದ್ದು ಕುಲುಮೆಯಲ್ಲ, ಡಬ್ಬದಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿರುವ ಉಕ್ಕು ಸತುಗಳ ಪಾಲು. ಅವರೀಗ ಗುರಿಮೈದಾನದ ಮಣ್ಣಿನ ದಿಬ್ಬದಲ್ಲಿ ಹೂತ ಹಳೆಯ ಗುಂಡುಗಳನ್ನು ಜರಡಿ ಹಿಡಿಯುತ್ತಾರೆ, ಎಕ್ಸ್‌ರೇ ಕೋಣೆಯ ಗೋಡೆಯ ಸೀಸದ ತಗಡು, ಚಾವಣಿಯ ತಗಡು ಕೊಳ್ಳುತ್ತಾರೆ.

ಸ್ವಂತ ಬಳಕೆಗೆ ಗುಂಡು ಹೊಯ್ಯಲು ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಪರವಾನಗಿ ಬೇಡ, ಮಾರಾಟಕ್ಕೆ ಬೇಕು. ಭಾರತದ ಸ್ಥಿತಿ ಇದಕ್ಕೆ ತದ್ವಿರುದ್ಧ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡನ್ನಾಗಲಿ ಅದರ ಭಾಗವನ್ನಾಗಲಿ ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಗುಂಡು ತಯಾರಿಸುವುದಕ್ಕಲ್ಲ.

ಹೊಯ್ದ ಗಟ್ಟಿಯ ಮೇಲೆ, ಅದು ತಣಿದ ಕೂಡಲೇ, ಲೋಹದ ಮೂಲವನ್ನು ಕೆತ್ತಿ ಅಥವಾ ಮಸಿಯಲ್ಲಿ ಬರೆದಿಡುವುದು ರೂಢಿ. ತಣಿದ ಮೇಲೆ ಶುದ್ಧ ಸೀಸದ ಗಟ್ಟಿಯೂ ಚಕ್ರತೂಕದ ಗಟ್ಟಿಯೂ ನೋಟಕ್ಕೆ ಒಂದೇ. ಗುರುತಿಲ್ಲದ ಗಟ್ಟಿಯನ್ನು ಕೊಳ್ಳುವವನು ಮೊದಲು ಉಗುರಿನಿಂದ ಗೀರಿ ನೋಡುತ್ತಾನೆ: ಶುದ್ಧ ಸೀಸದ ಮೇಲೆ ಗೀರು ಸುಲಭವಾಗಿ ಬೀಳುತ್ತದೆ, ಚಕ್ರತೂಕದ್ದರ ಮೇಲೆ ಬೀಳುವುದು ಕಷ್ಟ.